ದಾಸವಾಳದ ಮೇಲೆ ಕೂತದ್ದು ಯಾವ ಸೂರಕ್ಕಿ? ಕರಾವಳಿಯ ನಾಲ್ಕು ಜಾತಿಗಳನ್ನು ಬೇರ್ಪಡಿಸುವ ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿಯ ಹಿತ್ತಿಲುಗಳಲ್ಲಿ ನಾಲ್ಕು ಬಗೆಯ ಸೂರಕ್ಕಿಗಳು (ಸನ್‌ಬರ್ಡ್) ಒಂದೇ ಹೂಗಿಡಕ್ಕೆ ಬರಬಹುದು. ಮಿರುಗುವ ಗಂಡು ಕಂಡರೆ ಎಲ್ಲರೂ ಪುಸ್ತಕ ತೆರೆಯುತ್ತಾರೆ. ಹಳದಿ ಹೊಟ್ಟೆಯ ಹೆಣ್ಣು ಕಂಡರೆ ಮಾತ್ರ ಅಂದಾಜಿಗೆ ಒಂದು ಹೆಸರು ಬರೆದು ಮುಂದೆ ಹೋಗುತ್ತಾರೆ. ಮೊದಲು ಬಣ್ಣ, ಆಮೇಲೆ ಉಳಿದದ್ದು ಎಂದು ನೋಡುವುದರಿಂದಲೇ ಹೆಚ್ಚಿನ ತಪ್ಪುಗಳು ಆಗುತ್ತವೆ. ಸೂರಕ್ಕಿಯ ಮಟ್ಟಿಗೆ ಈ ಕ್ರಮ ತಲೆಕೆಳಗು. ಮೊದಲು ಕೊಕ್ಕು, ನಂತರ ಗಂಟಲು ಮತ್ತು ಸೊಂಟ (ಬಾಲದ ಬುಡದ ಮೇಲ್ಭಾಗ), ಬಣ್ಣದ ಹೊಳಪು ಕೊನೆಗೆ.

ಹೆಸರಿನ ಬಗ್ಗೆ ಒಂದು ಮಾತು. ಸೂರಕ್ಕಿಗಳ ಕನ್ನಡ ಹೆಸರು ಪುಸ್ತಕದಿಂದ ಪುಸ್ತಕಕ್ಕೆ ಬೇರೆಯಾಗುವುದರಿಂದ ಇಲ್ಲಿ ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ನಲ್ಲಿರುವ ಹೆಸರುಗಳನ್ನೇ ಬಳಸಿದೆ: ಪರ್ಪಲ್-ರಂಪ್ಡ್, ಕ್ರಿಮ್ಸನ್-ಬ್ಯಾಕ್ಡ್, ಪರ್ಪಲ್, ಲೋಟನ್ಸ್. ಹಳೆಯ ಪುಸ್ತಕಗಳಲ್ಲಿ ‘ಸ್ಮಾಲ್ ಸನ್‌ಬರ್ಡ್’ ಎಂದಿದ್ದರೆ ಅದು ಕ್ರಿಮ್ಸನ್-ಬ್ಯಾಕ್ಡ್.

ಬೇಕಾದ ಸಲಕರಣೆ

8x32 ಅಥವಾ 8x42 ಬೈನಾಕ್ಯುಲರ್ ಸಾಕು (8x ಎಂದರೆ ಎಂಟು ಪಟ್ಟು ಹಿಗ್ಗಿಸುವುದು, 32 ಮತ್ತು 42 ಮುಂದಿನ ಲೆನ್ಸಿನ ಅಗಲ, ಮಿ.ಮೀ.ನಲ್ಲಿ). ಕೊಳ್ಳುವಾಗ ಎಷ್ಟು ಹತ್ತಿರದ ವಸ್ತುವಿಗೆ ಫೋಕಸ್ ಆಗುತ್ತದೆ ಎಂದು ಕೇಳಿ. ಅಂಗಳದ ಕೇಪುಳ ಗಿಡ ಎರಡು ಮೂರು ಮೀಟರ್ ದೂರದಲ್ಲಿರುತ್ತದೆ. ನಾಲ್ಕು ಮೀಟರ್‌ಗಿಂತ ಹತ್ತಿರಕ್ಕೆ ಫೋಕಸ್ ಆಗದ ಬೈನಾಕ್ಯುಲರ್ ಅಲ್ಲಿ ಉಪಯೋಗಕ್ಕೆ ಬಾರದು. 10x ತೆಗೆದುಕೊಂಡರೆ ಕೈ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಒಂದು ಕಡೆ ನಿಲ್ಲದ ಹಕ್ಕಿಗೆ ಅದು ಹೇಳಿಸಿದ್ದಲ್ಲ.

ಕ್ಯಾಮೆರಾ ಇದ್ದರೆ 300 ಮಿ.ಮೀ. ಅಥವಾ ಹೆಚ್ಚಿನ ಲೆನ್ಸ್, ಶಟರ್ 1/1000ಕ್ಕಿಂತ ವೇಗ, ಬರ್ಸ್ಟ್ ಮೋಡ್. ಸದ್ದು ದಾಖಲಿಸಲು ಮೊಬೈಲ್ ಸಾಕು. ಇದಲ್ಲದೆ ಒಂದು ಸಣ್ಣ ಟಿಪ್ಪಣಿ ಪುಸ್ತಕ, ಪೆನ್ಸಿಲ್. ಮಳೆಗಾಲದಲ್ಲಿ ಪೆನ್ನಿನ ಶಾಯಿ ಹರಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಬಟ್ಟೆಯ ಬ್ಯಾಗಿನಲ್ಲಿಟ್ಟು ಬೀರುವಿಗೆ ತಳ್ಳಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಅದು ತೇವ ಕುಡಿದಿದೆ ಎಂದರ್ಥ. ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ.

ಹಂತ 1: ಅದು ಸೂರಕ್ಕಿಯೇ ಹೌದೆ?

ಕೊಕ್ಕು ತೆಳ್ಳಗೆ, ಕೆಳಕ್ಕೆ ಬಾಗಿರಬೇಕು. ಕೊಕ್ಕು ಗಿಡ್ಡ, ನೇರ, ತುಸು ದಪ್ಪ ಇದ್ದು, ಬಂದಳಿಕೆಯ ಸುತ್ತಲೇ ‘ಟಿಕ್ ಟಿಕ್’ ಎನ್ನುತ್ತ ಸುಳಿದಾಡುತ್ತಿದ್ದರೆ ಅದು ಹೂಕುಟುಕ, ಅಂದರೆ ಫ್ಲವರ್‌ಪೆಕರ್. ಕಣ್ಣ ಸುತ್ತ ಬಿಳಿ ಉಂಗುರ, ಹಳದಿ ಗಂಟಲು, ಗುಂಪಿನಲ್ಲಿ ಓಡಾಟ ಇದ್ದರೆ ಬೆಳ್ಗಣ್ಣ.

ಘಟ್ಟದ ಬುಡದ ತೋಟಗಳಲ್ಲಿ ಇನ್ನೆರಡು ಹಕ್ಕಿಗಳ ಬಗ್ಗೆ ಎಚ್ಚರ ಬೇಕು. ಸುಬ್ರಹ್ಮಣ್ಯ, ಚಾರ್ಮಾಡಿ, ಸೋಮೇಶ್ವರ ಅಭಯಾರಣ್ಯದ ಕಡೆ ಬಾಳೆಯ ಪೂಂಬೆಗೆ ಬರುವ ಉದ್ದ ಕೊಕ್ಕಿನ, ಹಳದಿ ಹೊಟ್ಟೆಯ ಹಕ್ಕಿಯನ್ನು ಲೋಟನ್ಸ್ ಹೆಣ್ಣು ಎಂದು ಬರೆಯುವ ಮೊದಲು ಗಾತ್ರ ನೋಡಿ. ಲಿಟಲ್ ಸ್ಪೈಡರ್‌ಹಂಟರ್ ಲೋಟನ್ಸ್‌ಗಿಂತಲೂ ದೊಡ್ಡದು. ಕೊಕ್ಕು ಉದ್ದವಷ್ಟೇ ಅಲ್ಲ, ಬುಡದಲ್ಲಿ ದಪ್ಪ ಕೂಡ. ಎರಡನೆಯದು ವಿಗೋರ್ಸ್ ಸನ್‌ಬರ್ಡ್. ಗಂಡಿನ ಬೆನ್ನೂ ಎದೆಯೂ ಕೆಂಪು, ಹೊಟ್ಟೆ ಬೂದು. ಹೊಟ್ಟೆ ಹಳದಿ ಇಲ್ಲವೆಂದಾದರೆ ಅದು ಕ್ರಿಮ್ಸನ್-ಬ್ಯಾಕ್ಡ್ ಗಂಡು ಅಲ್ಲ.

ಹಂತ 2: ನಿಲ್ಲುವ ಜಾಗ ಮತ್ತು ಬೆಳಕು

ಸೂರಕ್ಕಿಯ ಮಿರುಗು ಗರಿಯ ಬಣ್ಣದ್ರವ್ಯದಿಂದ ನೇರವಾಗಿ ಬರುವುದಲ್ಲ. ಗರಿಯ ಸೂಕ್ಷ್ಮ ಪದರಗಳು ಬೆಳಕನ್ನು ಒಡೆದು ಹಿಂದಕ್ಕೆ ಕಳಿಸುವುದರಿಂದ ಆಗುವುದು. ಕೋನ ಬದಲಾದರೆ ಹಸಿರು ನೀಲಿಯಾಗುತ್ತದೆ, ನೀಲಿ ನೇರಳೆಯಾಗುತ್ತದೆ, ಅಡಿಕೆ ತೋಟದ ನೆರಳಿನಲ್ಲಿ ಎಲ್ಲವೂ ಕಪ್ಪಾಗುತ್ತದೆ. ಹಾಗಾಗಿ ‘ತಲೆ ಹಸಿರಿತ್ತು, ಪುಸ್ತಕದಲ್ಲಿ ನೇರಳೆ ಇದೆ’ ಎಂಬ ವಾದದಿಂದ ಏನೂ ತೀರ್ಮಾನವಾಗದು.

ಹಕ್ಕಿಯನ್ನು ಬೆನ್ನಟ್ಟಬೇಡಿ. ಹೂ ಬಿಟ್ಟ ಒಂದು ಗಿಡ ಆರಿಸಿ, ಬಿಸಿಲು ನಿಮ್ಮ ಬೆನ್ನಿಗೆ ಬರುವಂತೆ ಐದಾರು ಮೀಟರ್ ದೂರದಲ್ಲಿ ನಿಲ್ಲಿ. ಬೆಳಿಗ್ಗೆ ಏಳರಿಂದ ಒಂಬತ್ತೂವರೆ ಒಳ್ಳೆಯ ಹೊತ್ತು. ದಾಸವಾಳ, ಕೇಪುಳ, ಬಾಳೆ, ಬಂದಳಿಕೆ, ಹಾಲುವಾಣ, ತೆಂಗಿನ ಹೊಂಬಾಳೆ, ಹೂವಿನ ಕಾಲದಲ್ಲಿ ಗೇರು, ಇವೆಲ್ಲ ಭರವಸೆಯ ಜಾಗಗಳು. ಬಂದು ಹೋದ ಹಕ್ಕಿ ಸ್ವಲ್ಪ ಹೊತ್ತಿನಲ್ಲಿ ಅದೇ ಗೊಂಚಲಿಗೆ ಮರಳುವುದು ಮಾಮೂಲು.

ಸಕ್ಕರೆ ನೀರಿನ ಬಾಟಲಿ ನೇತುಹಾಕಿ ಕರೆಯುವ ಆಸೆ ಬೇಡ. ನಮ್ಮ ಸೆಖೆಗೆ ಅದು ಬೇಗ ಹುಳಿಯುತ್ತದೆ, ಹಕ್ಕಿಗಿಂತ ಮೊದಲು ಇರುವೆ ಬರುತ್ತವೆ. ನಾಲ್ಕು ದಾಸವಾಳದ ಗೆಲ್ಲು ನೆಟ್ಟರೆ ಅದಕ್ಕಿಂತ ಚೆನ್ನಾಗಿ ಕೆಲಸವಾಗುತ್ತದೆ.

ಹಂತ 3: ಕೊಕ್ಕಿನ ಅಳತೆ

ಹಕ್ಕಿ ಪೂರ್ತಿ ಪಕ್ಕಕ್ಕೆ ತಿರುಗಿದಾಗ ಮಾತ್ರ ಈ ಅಳತೆ ನಡೆಯುತ್ತದೆ. ಕೊಕ್ಕಿನ ಬುಡದಿಂದ ತಲೆಯ ಹಿಂಭಾಗದವರೆಗಿನ ದೂರವನ್ನು ಒಂದು ‘ತಲೆ’ ಎಂದುಕೊಳ್ಳಿ. ಅದೇ ಬುಡದಿಂದ ಕೊಕ್ಕಿನ ತುದಿವರೆಗೆ ಎಷ್ಟು ತಲೆ ಆಗುತ್ತದೆ ನೋಡಿ.

ತಲೆಗಿಂತ ಎದ್ದು ಕಾಣುವಷ್ಟು ಉದ್ದ ಇದ್ದು, ಕುಡುಗೋಲಿನ ಹಾಗೆ ಬಾಗಿದ್ದರೆ ಲೋಟನ್ಸ್. ಗಂಡಾದರೂ ಹೆಣ್ಣಾದರೂ ಇದು ಒಂದೇ. ‘ಸ್ವಲ್ಪ ಉದ್ದ ಅನಿಸಿತು’ ಎಂದರೆ ಅದು ಲೋಟನ್ಸ್ ಅಲ್ಲದಿರುವ ಸಂಭವವೇ ಹೆಚ್ಚು. ಲೋಟನ್ಸ್ ಕೊಕ್ಕು ನೋಡಿದವರಿಗೆ ಅನುಮಾನ ಉಳಿಯುವುದು ಕಡಿಮೆ. ತಲೆಯಷ್ಟೇ ಅಥವಾ ತುಸುವೇ ಹೆಚ್ಚು ಇದ್ದರೆ ಉಳಿದ ಮೂರರಲ್ಲಿ ಒಂದು.

ಜೊತೆಗೆ ಗಾತ್ರ. ಕ್ರಿಮ್ಸನ್-ಬ್ಯಾಕ್ಡ್ ಕೊಕ್ಕಿನಿಂದ ಬಾಲದವರೆಗೆ ಸುಮಾರು 8 ಸೆಂ.ಮೀ. ಮಾತ್ರ. ಪರ್ಪಲ್ ಮತ್ತು ಪರ್ಪಲ್-ರಂಪ್ಡ್ ಸುಮಾರು 10. ಲೋಟನ್ಸ್ 12ರಿಂದ 13. ಗಾಳಿಯಲ್ಲಿ ಅಂದಾಜು ಮಾಡುವ ಬದಲು ಹೂವಿನ ಜೊತೆ ಹೋಲಿಸಿ: ಮಾಮೂಲಿ ಕೆಂಪು ದಾಸವಾಳ ಅರಳಿದಾಗ ಸುಮಾರು 10 ಸೆಂ.ಮೀ. ಅಗಲ. ಹಕ್ಕಿ ಹೂವಿಗಿಂತ ಸ್ಪಷ್ಟವಾಗಿ ಚಿಕ್ಕದಾಗಿ, ಎಸಳಿನ ಮರೆಯಲ್ಲಿ ಮುಚ್ಚಿಹೋಗುವಂತಿದ್ದರೆ ಕ್ರಿಮ್ಸನ್-ಬ್ಯಾಕ್ಡ್ ಇರಬಹುದೆಂದು ಸೊಂಟ ನೋಡಲು ಸಿದ್ಧರಾಗಿ. ಹೈಬ್ರಿಡ್ ದಾಸವಾಳಗಳಿಗೆ ಈ ಲೆಕ್ಕ ಹಿಡಿಯದು.

ಇಲ್ಲಿ ಎಡವುವುದು ಎರಡು ಕಡೆ. ತಲೆ ನಿಮ್ಮತ್ತ ಅಥವಾ ಆಚೆ ಸ್ವಲ್ಪ ತಿರುಗಿದ್ದರೂ ಕೊಕ್ಕು ಗಿಡ್ಡವಾಗಿ ಕಾಣುತ್ತದೆ. ಎರಡನೆಯದು, ಗೂಡಿನಿಂದ ಈಗಷ್ಟೇ ಹೊರಬಂದ ಮರಿ. ಲೋಟನ್ಸ್ ಮರಿಯ ಕೊಕ್ಕು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಬಾಯಿಯ ಮೂಲೆಯಲ್ಲಿ ಹಳದಿ ಮಿಶ್ರಿತ ದಪ್ಪ ಚರ್ಮ ಕಂಡರೆ ಕೊಕ್ಕಿನ ಅಳತೆ ಬಿಟ್ಟುಬಿಡಿ, ಉಣಿಸಲು ಬರುವ ತಾಯಿಗೆ ಕಾಯಿರಿ.

ಹಂತ 4: ಗಂಡುಗಳು

ಹೊಟ್ಟೆ ಹಳದಿಯೋ ಕಪ್ಪೋ ನೋಡಿ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ಕಪ್ಪು ಹೊಟ್ಟೆ: ಪರ್ಪಲ್ ಅಥವಾ ಲೋಟನ್ಸ್. ಎದೆಯ ಮೇಲೆ ಕೆಂಗಂದು ಪಟ್ಟಿ ಕಂಡ ಕೂಡಲೇ ಲೋಟನ್ಸ್ ಎಂದು ಬರೆಯುವುದು ತೀರಾ ಸಾಮಾನ್ಯ ತಪ್ಪು. ಪರ್ಪಲ್ ಗಂಡಿನಲ್ಲೂ ಕೆಲವೊಮ್ಮೆ ಅಲ್ಲಿ ಸಣ್ಣ ಕಂದು ಪಟ್ಟಿ ಇರುತ್ತದೆ. ಪಟ್ಟಿ ಬಿಟ್ಟು ಅದರ ಕೆಳಗೆ ನೋಡಿ: ಲೋಟನ್ಸ್‌ನ ಹೊಟ್ಟೆ ಹೊಳಪಿಲ್ಲದ ಮಸಿಗಂದು. ಮಿರುಗುವ ಎದೆಗೂ ಮಂಕಾದ ಹೊಟ್ಟೆಗೂ ನಡುವೆ ಗಡಿ ಕಾಣುತ್ತದೆ. ಪರ್ಪಲ್‌ನಲ್ಲಿ ಆ ಗಡಿ ಹಾಗೆ ಕತ್ತರಿಸಿದಂತೆ ಇರದು, ಹೊಟ್ಟೆಯೂ ನೇರಳೆಗಪ್ಪು. ರೆಕ್ಕೆಯ ಬುಡದಿಂದ ಇಣುಕುವ ಹಳದಿ ಕುಚ್ಚು ಎರಡರಲ್ಲೂ ಇದೆ, ಅದನ್ನು ನೆಚ್ಚಬೇಡಿ. ಕೊನೆಯ ಮಾತು ಕೊಕ್ಕಿನದ್ದೇ.

ಹಳದಿ ಹೊಟ್ಟೆ: ಪರ್ಪಲ್-ರಂಪ್ಡ್ ಅಥವಾ ಕ್ರಿಮ್ಸನ್-ಬ್ಯಾಕ್ಡ್. ಎರಡಕ್ಕೂ ನೇರಳೆ ಗಂಟಲು, ಹಸಿರು ನೆತ್ತಿ, ಎದೆಗೆ ಕೆಂಪು ಛಾಯೆಯ ಪಟ್ಟಿ. ಪಕ್ಕೆಗೆ ಕಣ್ಣು ಹಾಯಿಸಿ. ಪರ್ಪಲ್-ರಂಪ್ಡ್‌ನಲ್ಲಿ ಹಳದಿ ಹೊಟ್ಟೆಯ ಅಕ್ಕಪಕ್ಕ ಬೂದುಬಿಳಿ, ಭುಜದ ಮೇಲೆ ಬಿಸಿಲು ಬಿದ್ದಾಗ ಮಿನುಗುವ ಒಂದು ಹಸಿರು ಚುಕ್ಕೆ. ಕ್ರಿಮ್ಸನ್-ಬ್ಯಾಕ್ಡ್‌ನ ಬೆನ್ನೂ ಭುಜವೂ ಗಾಢ ಕಡುಗೆಂಪು, ಎದೆಯ ಪಟ್ಟಿ ಅಗಲ, ಭುಜದಲ್ಲಿ ಹಸಿರು ಇಲ್ಲ. ಸೊಂಟದ ನೇರಳೆ ಎರಡರಲ್ಲೂ ಇರುವುದರಿಂದ, ‘ರಂಪ್’ (ಸೊಂಟ) ನೇರಳೆ ಕಂಡಿತು ಎಂದು ಹೆಸರಿನ ಹಿಂದೆ ಹೋದವರು ಇಲ್ಲಿ ಮೋಸಹೋಗುತ್ತಾರೆ.

ಹಂತ 5: ಹೆಣ್ಣುಗಳು

ಈ ಹಂತಕ್ಕೆ ಸಮಯ ಕೊಡಿ. ಲೋಟನ್ಸ್ ಹೆಣ್ಣು ಕೊಕ್ಕಿನಲ್ಲೇ ಬೇರೆಯಾಗಿರುತ್ತದೆ. ಉಳಿದ ಮೂರಕ್ಕೆ ಕೇಳಬೇಕಾದ ಪ್ರಶ್ನೆಗಳು ಇದೇ ಕ್ರಮದಲ್ಲಿ ಇರಲಿ.

ಒಂದು, ಗಂಟಲು ಬಿಳಿಯೇ? ಬೂದುಬಿಳಿ ಗಂಟಲು ಮುಗಿದು ಎದೆಯಲ್ಲಿ ಹಳದಿ ಶುರುವಾಗುವುದು ಸ್ಪಷ್ಟವಾಗಿ ಕಂಡರೆ, ಪಕ್ಕೆಯೂ ಬೆಳ್ಳಗಿದ್ದರೆ, ಅದು ಪರ್ಪಲ್-ರಂಪ್ಡ್ ಹೆಣ್ಣು. ಅಂಗಳದ ತಂತಿಗೆ, ಬಟ್ಟೆ ಹಗ್ಗಕ್ಕೆ ಗೂಡು ನೇತುಹಾಕುವುದೂ ಹೆಚ್ಚಾಗಿ ಇದೇ.

ಎರಡು, ಹುಬ್ಬು ಇದೆಯೇ? ಗಂಟಲಿನಿಂದ ಹೊಟ್ಟೆಯವರೆಗೆ ಒಂದೇ ಸಮ ಹಳದಿ, ಕಣ್ಣಿನ ಮೇಲೆ ತಿಳಿಬಣ್ಣದ ಹುಬ್ಬು, ಕಣ್ಣಿನ ಮೂಲಕ ಹಾದುಹೋಗುವ ಕಪ್ಪು ಗೆರೆ ಇದ್ದರೆ ಪರ್ಪಲ್ ಹೆಣ್ಣು. ಲೋಟನ್ಸ್ ಹೆಣ್ಣಿಗೆ ಈ ಹುಬ್ಬು ಇಲ್ಲ. ಕೊಕ್ಕು ಎಲೆಯ ಮರೆಗೆ ಹೋದಾಗ ಇದು ಉಪಯೋಗಕ್ಕೆ ಬರುತ್ತದೆ. ಬಾಲದ ತುದಿಯ ಬಿಳಿಯನ್ನು ಮಾತ್ರ ನಂಬಬೇಡಿ. ಅದು ಎರಡಕ್ಕೂ ಇದೆ.

ಮೂರು, ಸೊಂಟ ಕೆಂಪೇ? ಬೆನ್ನು ಮಾಸಲು ಹಸಿರುಗಂದು, ಬಾಲದ ಬುಡದ ಮೇಲೆ ಕಡುಗೆಂಪು ಕಂಡರೆ ಕ್ರಿಮ್ಸನ್-ಬ್ಯಾಕ್ಡ್ ಹೆಣ್ಣು. ಈ ನಾಲ್ಕರಲ್ಲಿ ಬೇರೆ ಯಾವ ಹೆಣ್ಣಿಗೂ ಕೆಂಪು ಸೊಂಟ ಇಲ್ಲ. ಆದರೆ ಹಕ್ಕಿ ರೆಕ್ಕೆ ಮಡಚಿ ಕೂತರೆ ಅದು ಮುಚ್ಚಿಹೋಗುತ್ತದೆ. ಕಾಣುವುದು ಎರಡು ಗಳಿಗೆಯಲ್ಲಿ: ಹೂವಿಗೆ ತಲೆಕೆಳಗಾಗಿ ಜೋತುಬಿದ್ದಾಗ, ಮತ್ತು ಹಾರಲು ರೆಕ್ಕೆ ಬಿಚ್ಚಿದ ಆ ಕ್ಷಣ. ಬೈನಾಕ್ಯುಲರನ್ನು ಮುಖಕ್ಕೆ ಹಿಡಿಯುವ ಅಭ್ಯಾಸ ಬಿಟ್ಟು ಬಾಲದ ಬುಡಕ್ಕೆ ಹಿಡಿದು ಕಾಯಿರಿ. ಕಾಣದೇ ಹೋದರೆ ‘ಕೆಂಪು ಇರಲಿಲ್ಲ’ ಎಂದು ಬರೆಯಬೇಡಿ. ‘ಸೊಂಟ ಕಾಣಲಿಲ್ಲ’ ಎಂದು ಬರೆಯಿರಿ. ಇವೆರಡೂ ಒಂದೇ ಅಲ್ಲ.

ಇನ್ನು ಪರಾಗದ ಮೋಸ. ಹೂವಿಂದ ಹೂವಿಗೆ ತಲೆ ತೂರಿಸುವ ಹಕ್ಕಿಯ ಹಣೆಗೂ ಗಂಟಲಿಗೂ ಹಳದಿ ಪುಡಿ ಮೆತ್ತಿಕೊಳ್ಳುತ್ತದೆ. ಬಿಳಿ ಗಂಟಲಿನ ಪರ್ಪಲ್-ರಂಪ್ಡ್ ಹೆಣ್ಣು ಹೀಗೆ ಬಣ್ಣ ಬಳಿದುಕೊಂಡು ಪರ್ಪಲ್ ಹೆಣ್ಣಿನ ವೇಷ ಹಾಕುತ್ತದೆ. ಗುರುತಿಸುವುದು ಸುಲಭ: ಪರಾಗದ ಹಳದಿ ತೇಪೆ ತೇಪೆಯಾಗಿ, ಒಂದು ಪಕ್ಕ ಹೆಚ್ಚು ಇನ್ನೊಂದು ಪಕ್ಕ ಕಡಿಮೆ ಇರುತ್ತದೆ, ಕೊಕ್ಕಿನ ಬುಡಕ್ಕೂ ಅಂಟಿರುತ್ತದೆ. ಗರಿಯ ಸ್ವಂತ ಹಳದಿ ಕೊಕ್ಕಿನ ಮೇಲೆ ಹತ್ತುವುದಿಲ್ಲವಲ್ಲ. ಅನುಮಾನ ಬಂದರೆ ಪಕ್ಕೆ ನೋಡಿ, ಪರಾಗ ಅಲ್ಲಿಗೆ ತಲುಪುವುದು ಅಪರೂಪ.

ಜೊತೆಗಿರುವ ಗಂಡನ್ನು ನೋಡಿ ಹೆಣ್ಣಿಗೆ ಹೆಸರಿಡಬಹುದೇ? ಗೂಡು ಕಟ್ಟುವಾಗ, ಮರಿಗೆ ಉಣಿಸುವಾಗ ಆ ಜೋಡಿಯನ್ನು ನಂಬಬಹುದು. ಹೂಗಿಡದಲ್ಲಿ ಅಕ್ಕಪಕ್ಕ ಕೂತದ್ದು ಜೋಡಿ ಎಂಬುದಕ್ಕೆ ಸಾಕ್ಷಿಯಲ್ಲ. ಅಲ್ಲಿ ಎಲ್ಲರೂ ಊಟಕ್ಕೆ ಬಂದವರು.

ಹಂತ 6: ಅರೆಬರೆ ಬಣ್ಣದ ಹಕ್ಕಿ

ಹಳದಿ ಎದೆಯ ನಟ್ಟನಡುವೆ ಗಂಟಲಿನಿಂದ ಹೊಟ್ಟೆಗೆ ಇಳಿಯುವ ಕಪ್ಪು ಗೆರೆ ಕಂಡರೆ ಅದು ಹೊಸ ಜಾತಿಯಲ್ಲ. ಸಂತಾನದ ಕಾಲ ಮುಗಿದ ಮೇಲೆ ಪರ್ಪಲ್ ಗಂಡು ತನ್ನ ಕಪ್ಪು ಉಡುಪು ಕಳಚಿ ಹೆಣ್ಣಿನ ಹಾಗಾಗುತ್ತದೆ, ಗೆರೆ ಮಾತ್ರ ಉಳಿಯುತ್ತದೆ. ರೆಕ್ಕೆಯ ಮೇಲ್ಭಾಗದಲ್ಲಿ ಮಿರುಗುವ ಗರಿಗಳೂ ಇರುತ್ತವೆ. ಹೆಚ್ಚಾಗಿ ಮಳೆಗಾಲ ಮುಗಿಯುವ ಹೊತ್ತಿನಿಂದ ಡಿಸೆಂಬರ್‌ವರೆಗೆ ಇಂಥವು ಸಿಗುತ್ತವೆ.

ಎಳೆಯ ಗಂಡುಗಳೂ ಬಣ್ಣ ಬದಲಿಸುವಾಗ ಗಂಟಲಲ್ಲಿ ತೇಪೆ ತೇಪೆಯಾಗಿ ಕಪ್ಪೇರುತ್ತವೆ. ಆದ್ದರಿಂದ ಗೆರೆ ಕಂಡದ್ದರಿಂದ ‘ಗಂಡು’ ಎನ್ನಬಹುದೇ ಹೊರತು ‘ಪರ್ಪಲ್’ ಎನ್ನಲಾಗದು. ಹಂತ 3ಕ್ಕೆ ಹಿಂತಿರುಗಿ ಕೊಕ್ಕು ನೋಡಿ.

ಹಂತ 7: ಸದ್ದು

ಸದ್ದಿನಿಂದ ಹಕ್ಕಿ ಎಲ್ಲಿದೆ ಎಂದು ತಿಳಿದುಕೊಳ್ಳಿ, ಹೆಸರಿಡುವ ಕೆಲಸಕ್ಕೆ ಕಣ್ಣೇ ಇರಲಿ. ಲೋಟನ್ಸ್‌ನ ಗಡಸು ‘ಚಿಟ್ ಚಿಟ್’ ಮರದ ತುದಿಯಿಂದ ಕೇಳುತ್ತದೆ. ಪರ್ಪಲ್ ಗಂಡು ‘ಚೀವಿಟ್ ಚೀವಿಟ್’ ಎಂದು ಓಡುವ ದನಿಯಲ್ಲಿ ಹಾಡುತ್ತದೆ. ಕ್ರಿಮ್ಸನ್-ಬ್ಯಾಕ್ಡ್‌ನದು ತೀರಾ ಸಣ್ಣ ‘ಚಿಕ್’, ರಸ್ತೆಬದಿಯ ಗದ್ದಲದಲ್ಲಿ ಕಳೆದುಹೋಗುತ್ತದೆ. ಸದ್ದು ಕೇಳಿ ಹಕ್ಕಿಯನ್ನು ಊಹಿಸುವ ಮರ್ಲಿನ್ ಆ್ಯಪ್ ಹೆಸರು ತೋರಿಸಿದರೆ ಅದು ಸುಳಿವು ಮಾತ್ರ, ಪಟ್ಟಿಗೆ ನೇರ ಏರಿಸುವಂಥದ್ದಲ್ಲ.

ಹಕ್ಕಿಯನ್ನು ಹೊರಗೆಳೆಯಲು ಮೊಬೈಲಿನಲ್ಲಿ ಅದರ ಕೂಗು ಹಾಕಬೇಡಿ. ಎದುರಾಳಿ ಬಂದನೆಂದು ಗಂಡು ಮೇವು ಬಿಟ್ಟು ಜಗಳಕ್ಕೆ ನಿಲ್ಲುತ್ತದೆ. ಗೂಡು ಕಂಡರೆ ದೂರ ಸರಿಯಿರಿ. ನೀವು ಎಲೆ ಸರಿಸಿ ಫೋಟೊ ತೆಗೆದ ದಾರಿಯಲ್ಲೇ ಕಾಗೆ, ಕೆಂಬೂತಗಳು ಬರುತ್ತವೆ. ಕೊಕ್ಕಿನಲ್ಲಿ ನಾರು, ಜೇಡನ ಬಲೆ ಹಿಡಿದು ಹತ್ತಿರದ ಕೊಂಬೆಯಲ್ಲೇ ಹಕ್ಕಿ ಚಡಪಡಿಸುತ್ತಿದ್ದರೆ, ಗೂಡಿಗೆ ಹೋಗುವ ದಾರಿಗೆ ನೀವೇ ಅಡ್ಡ ನಿಂತಿದ್ದೀರಿ.

ಹಂತ 8: ಫೋಟೊವನ್ನು ವಿಚಾರಣೆಗೆ ಒಳಪಡಿಸುವುದು

ಆಕಾಶದ ಎದುರು ಕೂತ ಹಕ್ಕಿಗೆ ಎಕ್ಸ್‌ಪೋಷರ್ +1ರಿಂದ +1.7ರವರೆಗೆ ಏರಿಸಿ, ಇಲ್ಲದಿದ್ದರೆ ಸಿಗುವುದು ಕಪ್ಪು ನೆರಳಷ್ಟೇ. ಕಪ್ಪು ಗಂಡು ಬಿಸಿಲಲ್ಲಿದ್ದರೆ ಸ್ವಲ್ಪ ಇಳಿಸಿ, ಇಲ್ಲವಾದರೆ ಹೊಳಪು ಬಿಳಿಯಾಗಿ ಸುಟ್ಟುಹೋಗುತ್ತದೆ.

ಮನೆಗೆ ಬಂದು ಚಿತ್ರ ನೋಡುವಾಗ ಕಣ್ಣೂ ಕೊಕ್ಕಿನ ತುದಿಯೂ ಒಟ್ಟಿಗೆ ನಿಚ್ಚಳವಾಗಿರುವ ಚಿತ್ರವನ್ನೇ ಆರಿಸಿ. ಒಂದು ಮಸುಕಾಗಿದ್ದರೆ ತಲೆ ಓರೆಯಾಗಿದೆ, ಆ ಚಿತ್ರದಲ್ಲಿ ಕೊಕ್ಕು ಅಳೆಯಬಾರದು. ತೋಟದ ಎಲೆಗಳ ಕೆಳಗೆ ತೆಗೆದ ಚಿತ್ರದಲ್ಲಿ ಬಿಳಿಯೆಲ್ಲ ಹಸಿರುಹಳದಿಗೆ ತಿರುಗಿರುತ್ತದೆ. ಗಂಟಲು ಬಿಳಿಯೋ ಹಳದಿಯೋ ಎಂಬ ಪ್ರಶ್ನೆ ಬಂದಾಗ ಅದನ್ನು ಎದೆಯ ಜೊತೆ ಹೋಲಿಸಿ. ಎರಡರ ನಡುವೆ ವ್ಯತ್ಯಾಸ ಕಂಡರೆ ಅದು ನಿಜವಾದ ವ್ಯತ್ಯಾಸ, ಬೆಳಕಿನ ಛಾಯೆ ಎರಡರ ಮೇಲೂ ಒಂದೇ ರೀತಿ ಬಿದ್ದಿರುತ್ತದೆ. ಮೊಬೈಲಿನ ‘ಆಟೋ ಎನ್‌ಹ್ಯಾನ್ಸ್’ ಒತ್ತುವ ಮೊದಲು ಈ ಕೆಲಸ ಮುಗಿಸಿ. ಅದು ಮಾಸಲು ಕಂದನ್ನೂ ಕೆಂಪು ಮಾಡಿಬಿಡುತ್ತದೆ, ಆಮೇಲೆ ಎಲ್ಲ ಹೆಣ್ಣುಗಳ ಸೊಂಟವೂ ಕೆಂಪೇ.

ಹಂತ 9: ದಾಖಲಿಸುವುದು

ಜಾಗ ನೋಡಿ ಹೆಸರಿಡುವ ಚಟ ಬಿಡಿ. ಕ್ರಿಮ್ಸನ್-ಬ್ಯಾಕ್ಡ್ ಪಶ್ಚಿಮ ಘಟ್ಟಕ್ಕೆ ಸೀಮಿತವಾದ ಹಕ್ಕಿ ಎಂಬುದು ನಿಜ, ಆದರೆ ಅದು ಕಾಡಿನೊಳಗೇ ಇರುತ್ತದೆ ಎಂದಲ್ಲ. ಮರಗಳಿರುವ ಮಣಿಪಾಲದ ಕಾಂಪೌಂಡುಗಳಿಗೂ ಬರುತ್ತದೆ. ಪರ್ಪಲ್ ತೆರೆದ, ಕುರುಚಲು ಜಾಗಗಳನ್ನು ಹೆಚ್ಚು ಮೆಚ್ಚುತ್ತದೆ, ಹಾಗೆಂದು ತೋಟಕ್ಕೆ ಬರುವುದಿಲ್ಲ ಎಂದೇನಿಲ್ಲ. ಪಿಲಿಕುಳದಲ್ಲಾಗಲಿ ಕೊಣಾಜೆಯಲ್ಲಾಗಲಿ ನೋಡಬೇಕಾದ ಗುರುತುಗಳು ಅವೇ.

ಇ-ಬರ್ಡ್ ಆ್ಯಪಿನಲ್ಲಿ ‘ಪರ್ಪಲ್’ ಎಂದು ಟೈಪ್ ಮಾಡಿದರೆ ಪರ್ಪಲ್ ಮತ್ತು ಪರ್ಪಲ್-ರಂಪ್ಡ್ ಎರಡೂ ಹತ್ತಿರ ಹತ್ತಿರ ಬರುತ್ತವೆ. ಬೆರಳು ಜಾರಿದರೆ ಸರಿಯಾಗಿ ಗುರುತಿಸಿದ ಹಕ್ಕಿಯೂ ತಪ್ಪು ಹೆಸರಲ್ಲಿ ಕೂರುತ್ತದೆ. ಸಲ್ಲಿಸುವ ಮೊದಲು ಆ ಎರಡು ಸಾಲು ಮಾತ್ರ ಮತ್ತೊಮ್ಮೆ ಓದಿ.

ಟಿಪ್ಪಣಿ ಚಿಕ್ಕದಿರಲಿ, ಕಂಡದ್ದೂ ಕಾಣದ್ದೂ ಎರಡೂ ಇರಲಿ. ಮಾದರಿಗೆ: ‘ಮಣ್ಣಪಳ್ಳ ಕೆರೆಯ ದಂಡೆ, ಬೆಳಿಗ್ಗೆ 7.40, ಮೋಡ. ಹೆಣ್ಣು ಒಂದು, ಬಂದಳಿಕೆಯಲ್ಲಿ. ಕೊಕ್ಕು ತಲೆಯಷ್ಟೇ. ಗಂಟಲಿಗೂ ಎದೆಗೂ ಬಣ್ಣದಲ್ಲಿ ವ್ಯತ್ಯಾಸ ಇಲ್ಲ. ಹುಬ್ಬು ಕಾಣಲಿಲ್ಲ. ಸೊಂಟ ಎರಡು ಸಲ ಕಂಡಿತು, ಕಡುಗೆಂಪು.’ ಇದನ್ನು ಓದಿದವರು ಫೋಟೊ ಇಲ್ಲದೆಯೂ ಕ್ರಿಮ್ಸನ್-ಬ್ಯಾಕ್ಡ್ ಎಂದು ಒಪ್ಪುತ್ತಾರೆ. ‘ಚಿಕ್ಕ ಹಳದಿ ಸೂರಕ್ಕಿ, ತುಂಬಾ ಚೆಂದ’ ಎಂಬುದರಿಂದ ಯಾರಿಗೂ ಏನೂ ಸಿಗದು.

ಕೊಕ್ಕು, ಗಂಟಲು, ಸೊಂಟ ಮೂರರಲ್ಲಿ ಒಂದೂ ಸರಿಯಾಗಿ ಕಾಣದಿದ್ದರೆ ಪಟ್ಟಿಯಲ್ಲಿ ‘ಸನ್‌ಬರ್ಡ್ ಎಸ್‌ಪಿ.’ (ಜಾತಿ ತಿಳಿಯದ ಸೂರಕ್ಕಿ) ಆರಿಸಿ. ಇ-ಬರ್ಡ್ ಪರಿಶೀಲಕರು ನಿಮ್ಮ ದಾಖಲೆಯ ಬಗ್ಗೆ ಪ್ರಶ್ನೆ ಕೇಳಿದರೆ ಟಿಪ್ಪಣಿ ಪುಸ್ತಕ ತೆಗೆದು, ಅಲ್ಲಿ ಬರೆದದ್ದನ್ನಷ್ಟೇ ಉತ್ತರಿಸಿ. ಪುಸ್ತಕದ ಚಿತ್ರ ನೋಡಿದ ಮೇಲೆ ನೆನಪಾದ ಹುಬ್ಬನ್ನೂ ಕೆಂಪು ಸೊಂಟವನ್ನೂ ಅದಕ್ಕೆ ಸೇರಿಸಬೇಡಿ.